ಓಡಿಸಿ ನೋಡಬೇಡಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹುಡುಗ ಹುಡುಗಿಯರೇ, ನಿಮ್ಮ ಮೊಬೈಲಿನಲ್ಲಿ ಓಡುವ ‘ಒನ್ ಪೀಸ್’ ಎಂಬ ಜಪಾನಿ ಕಾರ್ಟೂನು ಕಥೆಯನ್ನು ನಾನೂ ನೋಡತೊಡಗಿದ್ದೇನೆ. ಬಿಟ್ಟುಬಿಡಿ ಎಂದು ಹೇಳುವುದಿಲ್ಲ. ಅವಶ್ಯ ನೋಡಿ, ಆದರೆ ಓಡಿಸಿ ನೋಡಬೇಡಿ.

ಎಯಿಚಿರೊ ಓಡಾ ಇದನ್ನು ಚಿತ್ರಕಥೆಯಾಗಿ 1997ರಲ್ಲಿ ಶುರು ಮಾಡಿದಾಗ ಅವರಿಗೆ 22 ವರ್ಷ. 1999ರ ಅಕ್ಟೋಬರಿನಲ್ಲಿ ಟಿವಿಗೆ ಬಂತು, ಈಗ ಸಾವಿರ ಕಂತು ದಾಟಿದೆ. ನಾನು ನೋಡಿರುವುದು ಆರ್ಲಾಂಗ್‌ನ ಕಥೆ ಮುಗಿಯುವ 44ನೇ ಕಂತಿನವರೆಗೆ. ಇಷ್ಟು ಉದ್ದದ ಕಥೆ ಎಂದಾಕ್ಷಣ ವೇಗ ಹೆಚ್ಚಿಸಿ, ಹಳೆಯ ನೆನಪಿನ ಭಾಗ ಬಂದರೆ ಹಾರಿಸಿ, ಹೊಡೆದಾಟ ಮಾತ್ರ ನೋಡುವ ಮಕ್ಕಳನ್ನು ಕಂಡಿದ್ದೇನೆ. ಅವರಿಗಾಗಿ ಮರುಗುತ್ತೇನೆ. ಕಥೆಯ ಜೀವ ಇರುವುದೇ ಅವರು ಹಾರಿಸಿದ ಕಡೆ.

ನಾಮಿಯ ಸಾಕುತಾಯಿ ಬೆಲ್‌ಮೇರ್ ನೆನಪಿದ್ದಾಳೆಯೇ? ಕಿತ್ತಳೆ ತೋಟದ ಬಡ ಹೆಂಗಸು, ಸಾಕಿಕೊಂಡ ಹೆಣ್ಣುಮಕ್ಕಳು ಇಬ್ಬರು. ಊರನ್ನು ಹಿಡಿದ ಕಡಲ್ಗಳ್ಳ ಆರ್ಲಾಂಗ್ ಜೀವಕ್ಕೆ ಬೆಲೆ ಕಟ್ಟುತ್ತಾನೆ: ದೊಡ್ಡವರಿಗೆ 1 ಲಕ್ಷ, ಮಕ್ಕಳಿಗೆ 50 ಸಾವಿರ. ಅವಳಲ್ಲಿರುವುದು 1 ಲಕ್ಷ ಮಾತ್ರ. ಮಕ್ಕಳೇ ಇಲ್ಲವೆಂದುಬಿಟ್ಟರೆ ತಾನು ಉಳಿಯುತ್ತಾಳೆ. ಹಾಗೆ ಹೇಳಲು ಅವಳಿಗೆ ಬಾಯಿ ಬರುವುದಿಲ್ಲ. ಆ ಹಣ ಇಬ್ಬರು ಮಕ್ಕಳದೆಂದು ಕೊಟ್ಟು ಪ್ರಾಣ ಬಿಡುತ್ತಾಳೆ. ಆಮೇಲೆ ಎಂಟು ವರ್ಷ ನಾಮಿ ಊರನ್ನು ಬಿಡಿಸಿಕೊಳ್ಳಲು ಕದ್ದು ಕೂಡಿಸುತ್ತಾಳೆ, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಕೊನೆಗೆ ಮೋಸ ಹೋದಾಗ, ಆರ್ಲಾಂಗ್‌ನ ಗುರುತು ಹಚ್ಚೆಯಾಗಿರುವ ತನ್ನ ತೋಳಿಗೇ ಚಾಕು ಚುಚ್ಚಿಕೊಳ್ಳುತ್ತಾಳೆ. ಕಥಾನಾಯಕ ಲೂಫಿ ಆ ಕೈ ಹಿಡಿಯುತ್ತಾನೆ. ಅವಳು ಸಹಾಯ ಬೇಡಿದ ಮೇಲೆ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗಿಟ್ಟು ನಡೆಯುತ್ತಾನೆ. ಹೊಡೆದಾಟ ಆಮೇಲಿನದು. ಈ ಎಂಟು ವರ್ಷ ನೋಡದವನಿಗೆ ಆ ಗುದ್ದು ಬರೀ ಗುದ್ದು.

ಹಾನಗಲ್ಲ ಕಡೆಯ ವೀರಗಲ್ಲುಗಳ ಮುಂದೆ ಒಮ್ಮೆ ನಿಂತು ನೋಡಿ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅವನೇ. ಕೆಳಗಿನಿಂದ ಮೇಲಕ್ಕೆ ಓದಬೇಕು. ಶಾಸನವಿದ್ದರೆ ಯಾತಕ್ಕಾಗಿ ಸತ್ತನೆಂದೂ ಇರುತ್ತದೆ: ತುರುಗೊಳ್, ಊರಳಿವು, ಪೆಣ್ಬುಯ್ಯಲ್. ದನಕ್ಕಾಗಿ, ಊರಿಗಾಗಿ, ಹೆಣ್ಣಿನ ಮೊರೆಗಾಗಿ. ಕೆಳಗಿನ ಕತ್ತಿಗಳನ್ನಷ್ಟೇ ನೋಡಿ ತಿರುಗಿದವನಿಗೆ ಆ ಕಲ್ಲು ಏನನ್ನೂ ಹೇಳಲಿಲ್ಲ.

ಅದೇ ಕಥೆಯ ಅಡುಗೆಯವ ಸಾಂಜಿಯೂ ನನಗೆ ಹಿಡಿಸಿದ. ಚಿಕ್ಕಂದಿನಲ್ಲಿ ಬಂಡೆಯ ಮೇಲೆ ಉಪವಾಸ ಬಿದ್ದವನು. ಎಲ್ಲರೂ ಹೊರಗೆ ದಬ್ಬಿದ ಕಡಲ್ಗಳ್ಳನಿಗೆ ಒಂದು ತಟ್ಟೆ ಅನ್ನ ತಂದಿಡುತ್ತಾನೆ, ಅವನು ಅಳುತ್ತ ಉಣ್ಣುತ್ತಾನೆ. ಹಸಿದವನ ಜಾತಕ ಕೇಳದ ಈ ಅಡುಗೆಯವನನ್ನು ನಮ್ಮ ಮಠಗಳ ದಾಸೋಹದಲ್ಲಿ ಉಂಡವರು ಕೂಡಲೇ ಗುರುತಿಸುತ್ತಾರೆ.

ಇನ್ನೊಂದು ಮಾತು. ಎಲ್ಲರಿಗೂ ಲೂಫಿಯಾಗುವಾಸೆ. ಪೊಲೀಸ್, ಸೈನ್ಯದ ಭರ್ತಿಗೆಂದು ನಸುಕಿನಲ್ಲೆದ್ದು ಓಡುವ ಹುಡುಗರು ಕೋಬಿಯನ್ನು ನೋಡಲಿ. ಹೆದರುಪುಕ್ಕಲ ಹುಡುಗ, ಕಡಲ್ಗಳ್ಳರ ಹಡಗಿನಲ್ಲಿ ಜೀತ, ನೌಕಾಪಡೆ ಸೇರುವ ಕನಸು. ದಾರಿ ಲೂಫಿಗೆ ಎದುರಾದದ್ದು, ಆದರೂ ಗೆಳೆತನ ಕೆಡಲಿಲ್ಲ. ನನ್ನ ಮನಸ್ಸಿಗೆ ಅವನೇ ಹೆಚ್ಚು ಹತ್ತಿರ.

ಇದು ಕಡಲಿನ ಕಥೆ, ನಮ್ಮ ನಾಲ್ಕೂ ತಾಲೂಕುಗಳಿಗೆ ಕಡಲಿಲ್ಲ. ಆದರೂ 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಓದಲು ಹೋದರು. ದಾರಿಯಲ್ಲಿ ಕಂಡ ಕಡಲು ಅವರೊಳಗೆ ಉಳಿಯಿತು, 1940ರಲ್ಲಿ ‘ಸಮುದ್ರ ಗೀತೆಗಳು’ ಸಂಕಲನವಾಗಿ ಕನ್ನಡಕ್ಕೆ ಬಂತು. ಕಂಡದ್ದನ್ನು ಒಳಗೆ ಇಟ್ಟುಕೊಳ್ಳುವ ವ್ಯವಧಾನ ಇದ್ದದ್ದರಿಂದಲೇ ಅದು ಆಯಿತೆಂದು ನಾನು ನಂಬಿದ್ದೇನೆ.

ಆದ್ದರಿಂದ 44ನೇ ಕಂತು ಮುಗಿದ ರಾತ್ರಿ ಮುಂದಿನದನ್ನು ಒತ್ತಬೇಡಿ. ಮನೆಯಲ್ಲಿ ಅಜ್ಜಿಗೋ ತಂಗಿಗೋ ಬೆಲ್‌ಮೇರಳ ಕಥೆಯನ್ನು ನಮ್ಮ ಮಾತಿನಲ್ಲಿ, ಮೊದಲಿಂದ ಕಡೆಯವರೆಗೆ ಹೇಳಿ.