ಕುಟುಂಬ ಸಮ್ಮಿಲನಕ್ಕೆ ಹೊರಟಾಗ

ರಜೆ ಬಂತೆಂದರೆ ಕುಟುಂಬ ಸಮ್ಮಿಲನಗಳ ಕಾಲ. ಊರಿನ ಮೂಲ ಮನೆಯಲ್ಲಿ ಎಲ್ಲರೂ ಸೇರುವುದು, ಅಗಲಿದ ಹಿರಿಯರಿಗಾಗಿ ದುಆ ಮಾಡುವುದು, ಜೊತೆಯಾಗಿ ಉಣ್ಣುವುದು ನಮ್ಮಲ್ಲಿ ವಾಡಿಕೆಯಾಗಿದೆ. ಒಳ್ಳೆಯ ವಾಡಿಕೆಯೇ. ಇತ್ತೀಚೆಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವೂ ಇರುವ ಕ್ಯಾರವಾನ್ ವಾಹನಗಳು ಬಾಡಿಗೆಗೆ ಸಿಗುವುದರಿಂದ ಕೆಲವು ಕುಟುಂಬಗಳು ಅವುಗಳಲ್ಲಿಯೇ ಹೊರಡುತ್ತಿವೆ.

ನಮ್ಮ ಮದ್ರಸಾದ ವಿದ್ಯಾರ್ಥಿಯೊಬ್ಬನ ತಂದೆ ಹೀಗೆ ಬೆಂಗಳೂರಿನಿಂದ ಉಪ್ಪಿನಂಗಡಿ ಕಡೆಯ ತನ್ನ ಮೂಲ ಮನೆಗೆ ಹೊರಡುವ ಮುಂಚೆ ಮಗನನ್ನು ಕರೆದುಕೊಂಡು ನನ್ನ ಬಳಿಗೆ ಬಂದರು. "ಉಸ್ತಾದರೇ, ಓಡುವ ಗಾಡಿಯಲ್ಲೇ ನಮಾಝ್ ಮಾಡಬಹುದೇ? ಊರಲ್ಲಿ ಎರಡು ದಿನ ಇರುತ್ತೇವೆ, ಅಲ್ಲಿ ಕಸ್ರ್ ಮಾಡಬಹುದೇ?" ಎಂದು ಕೇಳಿದರು. ಹಲವರಿಗೆ ಇರುವ ಸಂಶಯವಾದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರವಾದಿವರ್ಯರು(ಸ) ಪ್ರಯಾಣದಲ್ಲಿ ಸುನ್ನತ್ ನಮಾಝನ್ನು ವಾಹನದ ಮೇಲೆಯೇ, ಅದು ಸಾಗುವ ದಿಕ್ಕಿಗೆ ಮುಖ ಮಾಡಿ ನಿರ್ವಹಿಸುತ್ತಿದ್ದರು. ಫರ್ಳ್ ನಮಾಝಿಗಾದರೋ ಕೆಳಗಿಳಿದು ಕಿಬ್ಲಾದ ಕಡೆಗೆ ತಿರುಗುತ್ತಿದ್ದರು. ನಿಲ್ಲಿಸಲು ಅವಕಾಶವಿರುವ ಸ್ವಂತ ಬಾಡಿಗೆಯ ಗಾಡಿಯಲ್ಲಿ ಹೋಗುವವರಿಗೆ ಓಡುತ್ತಲೇ ಫರ್ಳ್ ಮುಗಿಸಲು ನೆಪವಿಲ್ಲ. ಟ್ಯಾಂಕಿನಲ್ಲಿ ನೀರು ಕಡಿಮೆ ಎಂಬ ಚಿಂತೆಯೂ ಬೇಡ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸಿನಲ್ಲಿದೆ. ನಲ್ಲಿ ಬಿಟ್ಟು ಮಾತಾಡುತ್ತಾ ನಿಲ್ಲುವ ನಮಗೆ ಇದು ಕಷ್ಟವೆನಿಸಬಹುದು!

ದಾರಿ ಸುಮಾರು 300 ಕಿ.ಮೀ. ಯಾವ ಲೆಕ್ಕದಲ್ಲಿ ನೋಡಿದರೂ ಇದು ಕಸ್ರ್‌ನ ದೂರವೇ. ವಾಸದ ಊರಿನ ಎಲ್ಲೆ ದಾಟಿದ ಬಳಿಕ ಝುಹ್ರ್, ಅಸ್ರ್, ಇಶಾ ನಮಾಝ್‌ಗಳನ್ನು ಎರಡೆರಡು ರಕಅತ್ ಮಾಡಬಹುದು. ಫಜ್ರ್ ಮತ್ತು ಮಗ್ರಿಬ್‌ಗೆ ಬದಲಾವಣೆಯಿಲ್ಲ. ಝುಹ್ರನ್ನು ಅಸ್ರ್‌ನೊಂದಿಗೂ ಮಗ್ರಿಬನ್ನು ಇಶಾದೊಂದಿಗೂ ಜೋಡಿಸಿ ಮಾಡಲು ಶಾಫಿಈ ಮದ್ಹಬ್‌ನಲ್ಲಿ ಅನುಮತಿಯಿದೆ. ಹನಫಿ ಸಹೋದರರು ಪ್ರಯಾಣದಲ್ಲಿ ಹಾಗೆ ಜೋಡಿಸುವುದಿಲ್ಲ, ಅವರು ಅವರ ಮದ್ಹಬನ್ನೇ ಪಾಲಿಸಲಿ. ಇವರು ಬೆಂಗಳೂರನ್ನೇ ಕಾಯಂ ನೆಲೆಯಾಗಿ ಮಾಡಿಕೊಂಡವರು. ಆದ್ದರಿಂದ ಮೂಲ ಮನೆಯಲ್ಲಿ ಎರಡು ದಿನ ತಂಗಿದರೂ ಪ್ರಯಾಣಿಕರೇ. ಬಂದ ದಿನ, ಹೊರಡುವ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ತಂಗುವ ನಿಯ್ಯತ್ ಇದ್ದರೆ ಶಾಫಿಈಗಳಿಗೆ ಕಸ್ರ್ ಇಲ್ಲ. ಹನಫಿಗಳಿಗೆ ಈ ಅವಧಿ 15 ದಿನ. ಆದರೆ ಊರಿನ ಮಸೀದಿಯಲ್ಲಿ ಅಲ್ಲಿಯ ಇಮಾಮರ ಹಿಂದೆ ನಿಂತರೆ ನಾಲ್ಕು ರಕಅತ್ ಪೂರ್ಣಗೊಳಿಸಲೇಬೇಕು.

ಇನ್ನೊಂದು ಮಾತು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಗಂಡನ ಸಹೋದರರು ಮಹ್ರಂ ಅಲ್ಲ. ಒಂದೇ ಗಾಡಿಯಲ್ಲಿ ಮಲಗುವಾಗ ಪ್ರಾಯಕ್ಕೆ ಬಂದ ಮಕ್ಕಳ ವಿಷಯದಲ್ಲಿ ಎಚ್ಚರವಿರಲಿ. ನಡುವೆ ಪರದೆ ಇಳಿಬಿಡುವುದರಿಂದ ಸಂತೋಷವೇನೂ ಕಡಿಮೆಯಾಗುವುದಿಲ್ಲ.

ಇಷ್ಟು ಹೇಳಿ, ಮಾತಿಗೆ ಮಾತೆಂಬಂತೆ, "ಯಾರೆಲ್ಲ ಬರುತ್ತಾರೆ?" ಎಂದು ಕೇಳಿದೆ. ಅವರು ತಾಯಿ, ತಮ್ಮಂದಿರು, ಮಕ್ಕಳು ಎಂದು ಎಣಿಸಿದರು. ಪಕ್ಕದಲ್ಲಿದ್ದ ಹುಡುಗ ಹೇಳಿದ: "ಹಾಸನದ ಮಾಮಿ ಬರುವುದಿಲ್ಲ."

ಆಗ ವಿಷಯ ಹೊರಬಂತು. ಹಾಸನದಲ್ಲಿರುವುದು ಅವರ ಒಬ್ಬಳೇ ಅಕ್ಕ. ತಂದೆ ತೀರಿಕೊಂಡ ಮೇಲೆ ಜಮೀನಿನ ಪಾಲು ಕೇಳಿದ್ದಕ್ಕೆ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. "ಮದುವೆಗೆ ಚಿನ್ನ ಕೊಟ್ಟಿದ್ದೇವಲ್ಲ" ಎಂದರು. ಗಾಡಿ ಹೋಗುವುದು ಅದೇ ಹಾಸನದ ಮೇಲಿಂದ.

ಸಹೋದರ ಸಹೋದರಿಯರೇ, ಮುಸ್ಲಿಮನು ತನ್ನ ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಡುವುದು ಅನುಮತಿಸಲ್ಪಟ್ಟಿಲ್ಲವೆಂದೂ, ಇಬ್ಬರಲ್ಲಿ ಮೊದಲು ಸಲಾಂ ಹೇಳುವವನೇ ಉತ್ತಮನೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೊಟ್ಟದ್ದಕ್ಕೆ ಸರಿಸಮಾನವಾಗಿ ಮರಳಿ ಕೊಡುವವನು ಸಂಬಂಧ ಜೋಡಿಸುವವನಲ್ಲ, ಕಡಿದುಹೋದಾಗಲೂ ಜೋಡಿಸುವವನೇ ಸಂಬಂಧ ಜೋಡಿಸುವವನು ಎಂಬ ಆಶಯದ ಹದೀಸ್ ಬುಖಾರಿಯಲ್ಲಿದೆ. ಕರೆದವರ ಮನೆಗೆ ಹೋಗುವುದು, ಬಂದವರನ್ನು ಸತ್ಕರಿಸುವುದು ಎಲ್ಲರೂ ಮಾಡುವ ಕೆಲಸ. ಇಪ್ಪತ್ತು ಮಂದಿ ಕೂತು ಬಿರಿಯಾನಿ ಉಂಡು ತೆಗೆಸಿಕೊಂಡ ಫೋಟೋದಲ್ಲಿ ಒಬ್ಬಳು ಸಹೋದರಿ ಇಲ್ಲದಿದ್ದರೆ ಅದನ್ನು ಕುಟುಂಬ ಸಮ್ಮಿಲನ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಲ್ಲಿ ಸಲಾಂ ಮಾತ್ರ ಸಾಲದು, ಏಕೆಂದರೆ ಆಕೆ ಕೇಳಿದ್ದು ಔದಾರ್ಯವನ್ನಲ್ಲ, ಹಕ್ಕನ್ನು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 7ನೇ ಸೂಕ್ತವು ತಂದೆತಾಯಿ ಬಿಟ್ಟುಹೋದದ್ದು ಅಲ್ಪವಿರಲಿ ಅಧಿಕವಿರಲಿ, ಗಂಡಸರಿಗೂ ಹೆಂಗಸರಿಗೂ ಅದರಲ್ಲಿ ನಿಶ್ಚಿತ ಪಾಲಿದೆಯೆಂದು ಸಾರುತ್ತದೆ. ಮದುವೆಯ ಚಿನ್ನ ತಂದೆ ಬದುಕಿದ್ದಾಗ ಕೊಟ್ಟದ್ದು. ಅದು ವಾರೀಸು ಪಾಲಲ್ಲ. "ಬೇಡವೆಂದು ಅವಳೇ ಬಿಟ್ಟುಕೊಟ್ಟಳು" ಎಂದು ಹೇಳುವವರೂ ಇದ್ದಾರೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಹಾಕಿದ ಸಹಿ ಮನಃಪೂರ್ವಕವಾದ ಸಮ್ಮತಿಯಾಗುವುದು ಹೇಗೆ?

ನಾನು ಕಾಗದದಲ್ಲಿ ಲೆಕ್ಕ ಬರೆದು ಕೊಟ್ಟೆ. ತೀರಿಕೊಂಡವರಿಗೆ ಪತ್ನಿ, ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಅವರ ತಂದೆತಾಯಿ ಮೊದಲೇ ತೀರಿಕೊಂಡಿದ್ದರು. ಸಾಲ, ವಸಿಯ್ಯತ್ ಕಳೆದು ಉಳಿದದ್ದನ್ನು 8 ಪಾಲು ಮಾಡಬೇಕು. ಪತ್ನಿಗೆ 1, ಗಂಡುಮಕ್ಕಳಿಗೆ ತಲಾ 2, ಮಗಳಿಗೆ 1. ಎಂಟರಲ್ಲಿ ಒಂದು ಪಾಲಿಗಾಗಿ ಹನ್ನೊಂದು ವರ್ಷ! ಅವರು ಕಾಗದವನ್ನು ಬಹಳ ಹೊತ್ತು ನೋಡಿ, ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಏನೂ ಹೇಳಲಿಲ್ಲ.

ರಜೆ ಮುಗಿದ ಮೇಲೆ ಭೇಟಿಯಾದಾಗ ನಡೆದದ್ದನ್ನು ತಿಳಿಸಿದರು. ಹಾಸನದಲ್ಲಿ ಗಾಡಿ ನಿಲ್ಲಿಸಿದ್ದರು. ಅಕ್ಕ ಬಾಗಿಲು ತೆರೆದು ಮೊದಲು ಗುರುತು ಸಿಗದ ಹುಡುಗನನ್ನು ನೋಡಿ, "ಇವನು ಯಾರು?" ಎಂದರಂತೆ. ಕಳೆದ ಸಲ ಕಂಡಾಗ ಆತ ತೊಟ್ಟಿಲಲ್ಲಿದ್ದ. ಚಹಾ ಕೊಟ್ಟರು, ಕಾಗದ ತೆಗೆದುಕೊಂಡರು, ಗಾಡಿ ಹತ್ತಲು ಮಾತ್ರ ಒಪ್ಪಲಿಲ್ಲ. "ಮೊದಲು ತಮ್ಮಂದಿರು ಮೂವರೂ ಒಪ್ಪಲಿ" ಎಂದರು. ಊರಲ್ಲಿ ಒಬ್ಬ ತಮ್ಮ ಒಪ್ಪಿದ್ದಾನೆ, ಇನ್ನೊಬ್ಬ ಸಿಟ್ಟಾಗಿದ್ದಾನೆ. ತಾಯಿ ಮಾತ್ರ, ಹಾಸನದಿಂದ ಮಗಳು ಕಳುಹಿಸಿದ ರೊಟ್ಟಿಯ ಡಬ್ಬಿಯನ್ನು ಖಾಲಿಯಾದ ಮೇಲೂ ತಲೆದಿಂಬಿನ ಬಳಿ ಇಟ್ಟುಕೊಂಡಿದ್ದಾರಂತೆ.

"ಮುಂದಿನ ತಿಂಗಳು ತಮ್ಮಂದಿರಿಬ್ಬರನ್ನೂ ಕರೆದುಕೊಂಡು ಹಾಸನಕ್ಕೇ ಹೋಗುತ್ತೇನೆ, ಉಸ್ತಾದರೇ. ಈ ಸಲ ಬಸ್ಸಿನಲ್ಲಿ" ಎಂದರು ಅವರು.