ಹಿಮನದಿ ಅರೆದ ಮಣ್ಣು, ನೀರು ಜಾಲಿಸಿದ ಹೊಲ

ಒಂದು ಬಾಟ್ಲಿಗೆ ಕಾಲು ಭಾಗ ಹೊಲದ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ಜೇಡಿ ಮಾತ್ರ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಹೊಸ ಜಮೀನು ನೋಡೋಕೆ ಹೋದಾಗ ನಾನು ಮೊದಲು ಮಾಡೋ ಕೆಲಸ ಇದು. ಲಡಾಖ್‌ನ ಹೊಲಗಳು ಹೇಗಾದವು ಅಂತ ತಿಳಿಯೋಕೂ ಇದೇ ಬಾಟ್ಲಿ ಸಾಕು.

ಹಿಮನದಿ ನಿಂತ ಮಂಜಲ್ಲ. ವರ್ಷವರ್ಷದ ಹಿಮ ಒತ್ತಿ ಗಡ್ಡೆಯಾಗಿ, ತನ್ನ ಭಾರಕ್ಕೇ ನಿಧಾನವಾಗಿ ಕೆಳಗೆ ಜಾರುತ್ತದೆ. ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯನ್ನು ಉಜ್ಜಿ, ಬೀಸೋ ಕಲ್ಲಿನ ಹಾಗೆ ಹಿಟ್ಟು ಮಾಡುತ್ತವೆ. ಆದರೆ ಮಂಜುಗಡ್ಡೆಗೆ ವಿಂಗಡಿಸೋಕೆ ಬರಲ್ಲ. ಕರಗಿದ ಕಡೆ ಮನೆಗಾತ್ರದ ಬಂಡೆ, ಜಲ್ಲಿ, ಹಿಟ್ಟು ಎಲ್ಲವನ್ನೂ ಒಟ್ಟಿಗೆ ಸುರಿದುಬಿಡುತ್ತದೆ. ಈ ಗುಡ್ಡೆಗಳಿಗೆ ಮೊರೈನ್ ಅಂತಾರೆ.

ಅಕ್ಕಿ ಜಾಲಿಸಿದಂತೆ ಇದನ್ನು ಜಾಲಿಸೋದು ಕರಗಿದ ನೀರು. ಇಕ್ಕಟ್ಟು ಕಣಿವೆಯಿಂದ ಹೊರಬಿದ್ದ ಹೊಳೆಯ ರಭಸ ತಗ್ಗುತ್ತದೆ. ದಪ್ಪ ಕಲ್ಲು ಕಣಿವೆಯ ಬಾಯಲ್ಲೇ ಉಳಿದು, ನುಣ್ಣನೆಯದು ಬೀಸಣಿಗೆಯಂತೆ ಹರಡುತ್ತಾ ಕೆಳಗಿನ ಅಂಚಿನವರೆಗೆ ಹೋಗುತ್ತದೆ. ಲಡಾಖ್‌ನ ಎಷ್ಟೋ ಊರು, ಬಾರ್ಲಿ ಹೊಲ, ಏಪ್ರಿಕಾಟ್ ತೋಟಗಳು ಇಂಥ ಬೀಸಣಿಗೆಗಳ ಮೇಲಿವೆ. ಆದರೆ ಬರೀ ಕಲ್ಲಿನ ಹಿಟ್ಟಿನಲ್ಲಿ ಬೆಳೆ ಬರುತ್ತಾ? ಸಾವಯವ ಅಂಶ ತೀರಾ ಕಡಿಮೆ. ಕೊಟ್ಟಿಗೆ ಗೊಬ್ಬರದ ಜೊತೆ ಒಣ ಪಾಯಿಖಾನೆಯ ಗೊಬ್ಬರವನ್ನೂ ತಲೆಮಾರುಗಟ್ಟಲೆ ಹಾಕಿ ಅಲ್ಲಿಯವರು ಹೊಲ ಮಾಡಿಕೊಂಡಿದ್ದಾರೆ. ನನಗೆ ಹಿಮನದಿಗಿಂತ ದೊಡ್ಡ ಕೆಲಸ ಇದೇ ಅನ್ನಿಸುತ್ತದೆ.

ಇನ್ನು ನೀರಿನ ತಕರಾರು. ಲೇಹ್‌ನಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಸುಮಾರು 100 ಮಿ.ಮೀ. ಅಷ್ಟೇ. ಬಿತ್ತನೆ ಏಪ್ರಿಲ್-ಮೇ ತಿಂಗಳಲ್ಲಿ. ಎತ್ತರದ ಹಿಮನದಿ ಜೋರಾಗಿ ಕರಗೋದು ಜೂನ್ ನಂತರ. ನೀರಿಗೆ ಕಾದು ಕೂತರೆ ಬಿತ್ತನೆ ತಡ, ಕಾಳು ಗಟ್ಟಿಯಾಗೋದರೊಳಗೆ ಚಳಿ.

ಸಿವಿಲ್ ಎಂಜಿನಿಯರ್ ಚೆವಾಂಗ್ ನಾರ್ಫೆಲ್ 1980ರ ದಶಕದಲ್ಲಿ ಇದಕ್ಕೊಂದು ದಾರಿ ಮಾಡಿದರು. ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗೋ ಹಳ್ಳದ ನೀರನ್ನು ಊರಿಗೆ ಹತ್ತಿರದ, ನೆರಳಿರುವ ಕಡೆಗೆ ತಿರುಗಿಸಿ, ಕಲ್ಲಿನ ಒಡ್ಡುಗಳ ಹಿಂದೆ ಹೆಪ್ಪುಗಟ್ಟಿಸಿದರು. ನಿಜವಾದ ಹಿಮನದಿಗಿಂತ ಕೆಳಗಿರೋದರಿಂದ ಇದು ಬೇಗ ಕರಗುತ್ತದೆ, ಬಿತ್ತನೆಗೆ ಸಿಗುತ್ತದೆ. ಮುಂದೆ ಸೋನಂ ವಾಂಗ್‌ಚುಕ್ ಪೈಪಿನಲ್ಲಿ ಮೇಲಿನ ನೀರು ತಂದು, ಪಂಪಿಲ್ಲದೆ ಕಾರಂಜಿಯಾಗಿ ಚಿಮ್ಮಿಸಿ ಹಿಮಸ್ತೂಪ ಕಟ್ಟಿಸಿದರು. ಶಂಕುವಿನಾಕಾರ ಯಾಕೆ ಅಂದರೆ, ತುಂಬಾ ನೀರು ಹಿಡಿಯುತ್ತದೆ, ಬಿಸಿಲಿಗೆ ಒಡ್ಡೋ ಮೈ ಕಡಿಮೆ. ರಗಳೆಯೂ ಇದೆ: ರಾತ್ರಿ ಪೈಪಿನೊಳಗೇ ನೀರು ಹೆಪ್ಪುಗಟ್ಟಿದರೆ, ಆ ಚಳಿಯಲ್ಲಿ ಯಾರಾದರೂ ಹೋಗಿ ಬಿಡಿಸಬೇಕು.