ಅಗ್ರಿತುರಿಸ್ಮೊ: ಇಟಲಿಯ ರೈತರ ಮನೆಯಲ್ಲಿ ನಾಲ್ಕು ದಿನ

ಹಳ್ಳಿಯಲ್ಲಿ ಒಂದು ಚಂದದ ಹಳೇ ಮನೆ ಇದ್ದ ಮಾತ್ರಕ್ಕೆ ಇಟಲಿಯಲ್ಲಿ 'ಅಗ್ರಿತುರಿಸ್ಮೊ' ಅಂತ ಬೋರ್ಡ್ ಹಾಕೋ ಹಾಗಿಲ್ಲ. 1985ರಲ್ಲಿ ಬಂದು 2006ರಲ್ಲಿ ಬದಲಾದ ಕಾನೂನಿನ ಪ್ರಕಾರ, ಮನೆಯವರಿಗೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು. ಹಾಗಾಗಿ ಬುಕ್ ಮಾಡೋ ಮುಂಚೆ, ಏನು ಬೆಳೀತೀರಿ ಅಂತ ಕೇಳಿ. ಆಲಿವ್, ದ್ರಾಕ್ಷಿ ಅಂತ ಉತ್ತರ ಬಂದ್ರೆ ಊಟದ ಬಗ್ಗೆನೂ ಆಸೆ ಇಟ್ಕೋಬಹುದು!

ಎಲ್ಲರೂ ಟಸ್ಕನಿಗೇ ಓಡ್ತಾರೆ, ಅದಕ್ಕೇ ಅಲ್ಲಿ ರೇಟು ಜಾಸ್ತಿ. ಪಕ್ಕದ ಉಂಬ್ರಿಯಾ, ಮಾರ್ಕೆಯಲ್ಲೂ ಅಂಥದ್ದೇ ಗುಡ್ಡ, ಆಲಿವ್ ತೋಪುಗಳಿವೆ. ಆಗಸ್ಟ್ ಬೇಡ, ಇಟಲಿಯವರೇ ರಜೆಗೆ ಹೊರಡೋ ತಿಂಗಳು ಅದು.

'ಮೆತ್ಸಾ ಪೆನ್ಸಿಯೋನೆ' ಅಂದ್ರೆ ರೂಮು, ತಿಂಡಿ, ಒಂದು ಊಟ ಸೇರಿದ ದರ. ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ. ಇಂಥ ಕಡೆಗೆ ಬಸ್ಸು ಅಪರೂಪ. ರೂಮು ಅಗ್ಗ ಅಂತ ಖುಷಿಪಡೋ ಮುಂಚೆ ಕಾರಿನ ಬಾಡಿಗೆ, ಪೆಟ್ರೋಲ್ ಎರಡನ್ನೂ ಕೂಡಿಸಿ ನೋಡಿ. ನಮ್ಮ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು.